ಇಳಿಯದ ಡಿಕಾಕ್ಷನ್

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮನ ಗಂಟಲಲ್ಲಿ ನೀರಲ್ಲದೆ ಬೇರೇನೂ ಇಳಿದಿರಲಿಲ್ಲ. ಬಂದವರೆಲ್ಲ ಬೇಡಿಕೊಂಡಾಗಿತ್ತು, ಗದರಿದ್ದೂ ಆಗಿತ್ತು. ಆ ಬೆಳಿಗ್ಗೆ ಅವಳು ಗೋಡೆ ಕಡೆ ತಿರುಗಿಕೊಂಡೇ, "ಒಂದು ಗುಟುಕು ಕಾಫಿ ಆದ್ರೆ ನೋಡೋಣ" ಅಂದಳು.

ಅಷ್ಟು ಸಾಕಾಯಿತು. ಮನೆಮಂದಿಯೆಲ್ಲ 'ಗಡಿಬಿಡಿ' ಎಂದೇ ಕರೆಯುತ್ತಿದ್ದ ಅವಳ ಭಾವನ ಮಗ ಅಡುಗೆಮನೆಗೆ ಓಡಿದ. ಕಾಫಿ ಮಾಡಿ ಅವನಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ತಮ್ಮ ಫಿಲ್ಟರನ್ನು ಯಾರಿಗೂ ಮುಟ್ಟಗೊಟ್ಟವರಲ್ಲ. ಗಡಿಬಿಡಿ ಮೇಲಿನ ಪಾತ್ರೆಗೆ ಪುಡಿ ಸುರಿದು, ದಿಂಬಿಗೆ ಹತ್ತಿ ತುಂಬುವವನಂತೆ ಅದುಮಿ ಅದುಮಿ ಗಟ್ಟಿ ಮಾಡಿ, ಕುದಿನೀರು ಹೊಯ್ದ.

ಒಂದು ಹನಿಯೂ ಕೆಳಗಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ ಪಕ್ಕದ ಮನೆಯ ನರ್ಸಮ್ಮ ಬಂದರು, ಮಹಡಿಯ ಟೇಲರ್ ಬಂದ. ಮೂವರೂ ಕೈಕಟ್ಟಿ, ತಲೆ ತಗ್ಗಿಸಿ ಫಿಲ್ಟರಿನ ಸುತ್ತ ನಿಂತರು. ಆ ಮನೆಯಲ್ಲಿ ಇನ್ನೊಂದು ಜೀವ ಹೋಗುತ್ತಿರುವಂತಿತ್ತು.

"ಉಸಿರಾಡ್ತಿದೆಯಾ?" ಎಂದ ಟೇಲರ್, ಪಿಸುದನಿಯಲ್ಲಿ.

"ಹಿಂಗೆ ಅದುಮಿದ್ರೆ ಎಲ್ಲಿಂದ ಉಸಿರಾಡತ್ತೆ?" ನರ್ಸಮ್ಮ ಮುಚ್ಚಳ ಎತ್ತಿ ನೋಡಿದರು. "ಪುಡಿ ಮೇಲೆ ಹಗುರಾಗಿ ಒತ್ತಿದ್ರೆ ಸಾಕಪ್ಪ. ನೀರು ಸಂದು ಹುಡುಕ್ಕೊಂಡು ತಾನಾಗೇ ಇಳೀಬೇಕು. ಇದನ್ನ ಚೆಲ್ಲಿ ಬೇರೆ ಹಾಕೋಣ."

"ಅಷ್ಟೊತ್ತಿಗೆ ಚಿಕ್ಕಮ್ಮ ಬೇಡ ಅಂದ್ಬಿಟ್ರೆ?"

"ತಡೀರಿ" ಎಂದ ಟೇಲರ್, ಕಾಲರಿಗೆ ಸಿಕ್ಕಿಸಿದ್ದ ಸೂಜಿ ತೆಗೆದ. ಮೇಲಿನ ಪಾತ್ರೆ ಎತ್ತಿ ಹಿಡಿದು ತಳದ ತೂತುಗಳಿಗೆ ಚುಚ್ಚತೊಡಗಿದ.

"ಅಯ್ಯೋ, ಚುಚ್ಚೋ ಕೆಲಸ ನಂದಲ್ವೇನ್ರೀ!" ಎಂದರು ನರ್ಸಮ್ಮ.

ಗಡಿಬಿಡಿ ಪಕ್ಕದಿಂದ ಪಟಪಟನೆ ತಟ್ಟಿದ. ಕೊನೆಗೆ ಪುಡಿಯೂ ನೀರೂ ಒಟ್ಟಿಗೇ, ಬಾಗಿಲು ಮುರಿದು ನುಗ್ಗಿದ ಜನರಂತೆ ಕೆಳಗೆ ಧುಮುಕಿದವು.

"ಆಯ್ತೇನೋ?" ಒಳಗಿನಿಂದ ಸಣ್ಣ ದನಿ.

ಕೆಸರಿನಂಥ ಆ ಡಿಕಾಕ್ಷನ್ನಿಗೇ ಹಾಲು ಬೆರೆಸಿಕೊಂಡು ಅವನು ಓಡಿದ. ಇತ್ತ ನರ್ಸಮ್ಮ ಫಿಲ್ಟರ್ ತೊಳೆದು, ಹೊಸ ಪುಡಿ ಹಾಕಿ, ಕುದಿ ಅಡಗಿದ ನೀರನ್ನು ಸುತ್ತಲೂ ಸಣ್ಣಗೆ ಹೊಯ್ದು, "ಇನ್ನು ಯಾರೂ ಮುಟ್ಟಕೂಡದು" ಎಂದು ಕಾವಲು ನಿಂತರು.

ಚಿಕ್ಕಮ್ಮ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ನಾಲಿಗೆಗೆ ಅಂಟಿದ ಗಸಿಯನ್ನು ಬೆರಳಿಂದ ತೆಗೆದು ನೋಡಿದಳು. ಕಣ್ಣು ತುಂಬಿತು.

"ಥೇಟ್ ಅವರದೇ ಕೈ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಬಾಯಿಗಿಡೋ ಹಂಗೆ ಮಾಡ್ಲಿಲ್ಲ ಕಣೋ ನಿಮ್ಮ ಚಿಕ್ಕಪ್ಪ. ನಾನೂ ಒಂದು ದಿನ ಹೇಳ್ಲಿಲ್ಲ. ಅಷ್ಟು ಖುಷಿಯಿಂದ ತಂದ್ಕೊಡೋರು."

ಗಸಿ ಸಮೇತ ಲೋಟ ಬರಿದು ಮಾಡಿದಳು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಘಮಘಮಿಸುವ ಲೋಟ ಹಿಡಿದು ಬಂದರು. ಚಿಕ್ಕಮ್ಮ ಅದನ್ನು ಮೂಸಿ ನೋಡಿ ಗಡಿಬಿಡಿಯ ಕೈಗೆ ದಾಟಿಸಿದಳು.

"ಇದು ಚೆನ್ನಾಗಿದೆ, ನೀನು ಕುಡಿ. ನನಗೆ ನಾಳೆಯಿಂದ ದಿನಾ ನೀನು ಮಾಡಿದ್ಯಲ್ಲ, ಅದೇ ಬೇಕು. ಚೂರೂ ಬದಲಾಗ್ಬಾರ್ದು. ಅದು ಸಿಕ್ರೆ ಊಟಾನೂ ಮಾಡ್ತೀನಿ."

ಅವನು ತಲೆಯಾಡಿಸಿ ಅಡುಗೆಮನೆಗೆ ಬಂದು ಫಿಲ್ಟರಿನ ಮುಂದೆ ನಿಂತ. ಎಷ್ಟು ಪುಡಿ ಸುರಿದಿದ್ದ, ಎಷ್ಟು ಅದುಮಿದ್ದ, ಎಲ್ಲೆಲ್ಲಿ ತಟ್ಟಿದ್ದ, ಒಂದೂ ನೆನಪಾಗಲಿಲ್ಲ. ನರ್ಸಮ್ಮ ಹೇಳಿಕೊಟ್ಟದ್ದು ಮಾತ್ರ ಒಂದಕ್ಷರ ಬಿಡದೆ ನೆನಪಿತ್ತು.