ನಿಮ್ಮಜ್ಜನ ಹೊಸ ಲೆನ್ಸು

ಕಂಡವರ ಮದುವೆ ಫೋಟೊದೊಳಗೆ ನಿಮ್ಮಜ್ಜನಷ್ಟು ನುಗ್ಗಿದವರು ನಮ್ಮ ಸೀಮೆಯಲ್ಲೇ ಇನ್ನೊಬ್ಬರಿಲ್ಲ! ತೆಗೆಯುವವರೂ ಅವರೇ, ಒಳಗಿರುವವರೂ ಅವರೇ. ಅದು ಹೇಗೆ ಎನ್ನುತ್ತೀರಾ? ಹೇಳುತ್ತೇನೆ. ನನಗೆ ಬರೆದು ರೂಢಿಯಿಲ್ಲ. ನಗುವುದಿದ್ದರೆ ನನ್ನ ಅಕ್ಷರಕ್ಕಲ್ಲ, ಅವರಿಗೆ ನಗಿ.

ಆಗ ಹಳದೀಪುರದ ನಮ್ಮ ಮನೆಯಲ್ಲಿದ್ದದ್ದು ಒಂದು ಡಬ್ಬಿ ಕ್ಯಾಮೆರಾ. ಅದರ ಲೆನ್ಸು ಬಟಾಣಿ ಕಾಳಿನಷ್ಟು. ಸುಡು ಬಿಸಿಲಿಲ್ಲದೆ ಅದಕ್ಕೆ ಕಣ್ಣೇ ಕಾಣದು. ಹಾಗಾಗಿ ಇವರು ಮದುಮಕ್ಕಳನ್ನು ಚಪ್ಪರದಿಂದ ಅಂಗಳಕ್ಕೆ ಎಳೆದು, ಸೂರ್ಯನಿಗೆ ಮುಖ ಮಾಡಿ ಕೂರಿಸಿ, ತಾವು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಮದುಮಗಳ ಕಣ್ಣಲ್ಲಿ ಧಾರೆ ಧಾರೆ ನೀರು. ತವರು ಬಿಡುವ ದುಃಖ ಎನ್ನುತ್ತಿದ್ದರು ನೆಂಟರು. ಮದುಮಗನೂ ಅಳುತ್ತಿದ್ದನಲ್ಲ, ಅವನು ಯಾವ ತವರು ಬಿಡುತ್ತಿದ್ದ?

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೆನ್ನಿಗೆ ಬಿಸಿಲು ಬಿದ್ದ ಮೇಲೆ ಮುಂದೆ ನೆರಳು ಬೀಳದೆ ಇರುತ್ತದೆಯೇ? ಸಂಜೆಯ ಮುಹೂರ್ತವಾದರೆ ನೆರಳು ಉದ್ದವಾಗಿ ನೇರ ಮದುಮಗಳ ಮಡಿಲಿಗೇ! ಕುಮಟೆಯ ಒಬ್ಬ ಅತ್ತೆ ಫೋಟೊ ಹಿಡಿದು ನಮ್ಮ ಜಗಲಿಗೇ ಬಂದಳು.

"ಎಂತ ಮಾರಾಯಾ, ನನ್ನ ಸೊಸೆ ಮಡಿಲಲ್ಲಿ ಇದ್ಯಾರು?"

"ನಾನೇ, ಅಮ್ಮಾ."

"ಮದುವೆ ದಿನವೇ ಮಡಿಲು ತುಂಬ್ಸಿದ್ಯಲ್ಲೋ! ಇಟ್ಕ ನಿನ್ನ ಪಟ. ಕರಿ ನೆರಳು ಒಳ್ಳೇದಲ್ಲ. ಇನ್ನೊಂದ್ ಮದುವೆಗೆ ಹೋಗೂಕಾರೆ ಅದನ್ನ ಮನೇಲೇ ಬಿಟ್ಟು ಹೋಗು."

ಒಳಗೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆದೆ. ಆ ನಗು ಬಹಳ ದಿನ ಉಳಿಯಲಿಲ್ಲ. ಅಪಶಕುನದ ಫೋಟೊದವನು ಎಂದು ಊರೂರಿಗೆ ಸುದ್ದಿಯಾಯಿತು. ಮದುವೆಯ ಕಾಲದಲ್ಲೂ ಕ್ಯಾಮೆರಾ ಚೀಲ ಗೂಟದಲ್ಲೇ ನೇತಾಡಿತು. ವಾಲಗ ಕೇಳಿದರೆ ಇವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಒಂದು ದಿನ ಎದ್ದವರೇ ಅಡುಗೆಮನೆಗೆ ಬಂದು ಕೇಳಿದರು. "ಮಳೆ ಬರ್ತಾ ಇದೆ ಅಂತ ತಿಳ್ಕೊ. ಹೆಚ್ಚು ನೀರು ಬೀಳೂದು ತಂಬಿಗೆಗೋ, ಹಂಡೆಗೋ?"

"ಬಾಯಿ ದೊಡ್ಡದಿದ್ದದ್ದಕ್ಕೆ ಹೆಚ್ಚು ಬೀಳ್ತದೆ. ಅದಕ್ಕೆ ಎಂತ?"

"ಆತು! ಲೆನ್ಸೂ ಹಾಗೇ. ಬಾಯಿ ದೊಡ್ಡದಿದ್ದರೆ ಚಪ್ಪರದ ಒಳಗಿನ ಬೆಳಕೇ ಸಾಕು. ಬಿಸಿಲೂ ಬೇಡ, ನೆರಳೂ ಇಲ್ಲ!"

ಆಮೇಲೆ ಶರಾವತಿ ದಾಟಿ ಭಟ್ಕಳಕ್ಕೆ ಓಡಾಟವೋ ಓಡಾಟ. ಅಲ್ಲಿ ಒಬ್ಬ ಸಾಹೇಬರ ಅಂಗಡಿಯಲ್ಲಿ ಮುಂಬಯಿಯಿಂದ ಬಂದ ಎರಡು ಕ್ಯಾಮೆರಾಗಳಿದ್ದವು. ಒಂದು ಥಳಥಳ ಹೊಸದು, ಲೆನ್ಸು ಸಣ್ಣದು. ಇನ್ನೊಂದು ಮೂಲೆ ಜಜ್ಜಿದ ಹಳೆಯದು, ಲೆನ್ಸು ದೊಡ್ಡದು. ಅಂಗಡಿಯಲ್ಲಿದ್ದವರೆಲ್ಲ ಹೊಸದನ್ನೇ ತೋರಿಸಿದರು. ಇವರು ಹಳೆಯದರ ಲೆನ್ಸಿನೊಳಗೆ ಇಣುಕುತ್ತ ಬಸ್ಸು ತಪ್ಪಿಸಿಕೊಂಡರು.

"ಏನ್ ಭಾಯಿ, ಮದುವೆಗೆ ಹೆಣ್ಣು ನೋಡೂವಾಗಲೂ ಇಷ್ಟು ನೋಡಿದ್ರಾ?" ಎಂದರಂತೆ ಸಾಹೇಬರು.

"ಹೆಣ್ಣನ್ನ ಅಪ್ಪ ನೋಡಿದ್ದು ಸಾಹೇಬ್ರೆ. ಇದನ್ನಾದರೂ ನಾನೇ ನೋಡ್ತೆ!"

ಮನೆಗೆ ಬಂದು ಇದನ್ನು ನನ್ನ ಮುಂದೆಯೇ ಹೇಳಿದರು, ಪುಣ್ಯಾತ್ಮ!

ಹಳೆಯದೇ ಮನೆಗೆ ಬಂತು. ಅದರಲ್ಲಿ ಮುಖ ಮಸುಕಾಗದಿರಲು ದೂರವನ್ನು ಅಳೆದು ಲೆನ್ಸು ತಿರುಗಿಸಬೇಕು. ಇವರು ತೆಂಗಿನ ನಾರಿನ ಹಗ್ಗಕ್ಕೆ ಗಂಟು ಹಾಕಿ, ಒಂದು ತುದಿಯನ್ನು ಮದುಮಗನ ಮೂಗಿಗೆ ಹಿಡಿಯುತ್ತಿದ್ದರು. "ತಡೆಯೋ ಮಾರಾಯಾ, ಮೂಗುದಾರ ಹಾಕೂಕೆ ಹೆಂಡತಿ ಬಂದಾಯ್ತು," ಎಂದನಂತೆ, ಧೈರ್ಯ ಮಾಡಿ ಇವರನ್ನು ಮೊದಲು ಕರೆದ ಮದುವೆಮನೆಯ ಒಬ್ಬ ಮಾವ.

ಆ ಮದುವೆಯ ಫೋಟೊ ಚಪ್ಪರದೊಳಗೇ ಚೆಂದ ಬಂತು. ಮನೆಯವರು ತಿರುಗಿಸಿ ಮುರುಗಿಸಿ ನೋಡಿ, "ಈ ಸಲ ನೀವು ಎಲ್ಲೂ ಇಲ್ಲ!" ಎಂದರಂತೆ. ಅದನ್ನೇ ಹೇಳಿಕೊಂಡು ಇವರು ಮನೆಯೆಲ್ಲ ಕುಣಿದರು. "ಕೇಳಿದ್ಯ? ನಾನು ಎಲ್ಲೂ ಇಲ್ಲ!"

ಅಂದೇ ನಾನು ನಾಚಿಕೆ ಬಿಟ್ಟು ಕೇಳಿದೆ, "ನಮ್ಮದೂ ಒಂದು ತೆಗೀಬಹುದಲ್ಲ?"

"ಮಳೆಗಾಲ ಕಳೀಲಿ. ಒಳ್ಳೆ ಬೆಳಕಲ್ಲಿ ತೆಗೆಸ್ಕೊಳ್ವ."

ಆ ಮಳೆಗಾಲದ ಜ್ವರ ಅವರನ್ನು ಕರೆದುಕೊಂಡು ಹೋಯಿತು.

ಅಜ್ಜ ಹೇಗಿದ್ದರು ಎಂದು ನೀವೆಲ್ಲ ಕೇಳುತ್ತೀರಿ. ದೊಡ್ಡ ಲೆನ್ಸಿನ ಫೋಟೊಗಳಲ್ಲಿ ಅವರು ಎಲ್ಲೂ ಇಲ್ಲ. ಆದರೆ ಕುಮಟೆಯ ಆ ಅತ್ತೆ ಬಿಟ್ಟುಹೋದ ಪಟ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮದುಮಗಳ ಮುಖ ಬೇಡ, ಮಡಿಲು ನೋಡಿ. ಆ ನೆರಳೇ ನಿಮ್ಮಜ್ಜ, ತಲೆ ಬಗ್ಗಿಸಿ ಡಬ್ಬಿಯೊಳಗೆ ಇಣುಕುತ್ತಿದ್ದಾರೆ. ಎರಡು ಕಡೆಗೂ ಚಾಚಿದ ಆ ಅಗಲ ಕಿವಿಗಳನ್ನು ಕಂಡಿರಾ? ಈಗ ನಿಮ್ಮಲ್ಲಿ ಎಲ್ಲರಿಗಿಂತ ಕಿರಿಯವನನ್ನು ಬಿಸಿಲಿಗೆ ನಿಲ್ಲಿಸಿ, ನೆಲದ ಮೇಲೆ ಅವನ ನೆರಳು ನೋಡಿ.

ಇನ್ನು ಮೇಲಾದರೂ ಅವನ ಕಿವಿಗೆ ನಗಬೇಡಿ, ಆತಾ?