ಕಚೇರಿಯ ಇಗ್ವಾನಾಗೆ ಬೆಳಕು ಹಾಗೂ ಶಾಖ ಒದಗಿಸುವ ಬಗ್ಗೆ

ಸಂಖ್ಯೆ: ವಾ.ಸ್ವ./ಬಸವನಗುಡಿ/ಹಲ್ಲಿ-ಶಾಖ/07
ಉಲ್ಲೇಖ: 1. ಇದೇ ಕಚೇರಿಯ ವಿದ್ಯುತ್ ಉಳಿತಾಯ ಸುತ್ತೋಲೆ
2. ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಶಿವರಂಜಿನಿಯವರ ಹನ್ನೊಂದು ಮನವಿಗಳು

ವಾರಸುದಾರರಿಲ್ಲದ ಸ್ವತ್ತುಗಳ ಈ ಕಚೇರಿಗೆ ಯಾರೋ ಪುಣ್ಯಾತ್ಮರು ಗಾಜಿನ ಪೆಟ್ಟಿಗೆ ಸಮೇತ ಬಿಟ್ಟುಹೋದ ಇಗ್ವಾನಾ ಎಂಬ ದೊಡ್ಡ ಹಸಿರು ಹಲ್ಲಿಯನ್ನು ದಾಸ್ತಾನು ವಹಿಯಲ್ಲಿ 'ಪೀಠೋಪಕರಣ' ಎಂದು ನಮೂದಿಸಲಾಗಿರುತ್ತದೆ. ಶಿವರಂಜಿನಿಯವರು ಅದಕ್ಕೆ ಪಚ್ಚೆ ಎಂದು ಹೆಸರಿಟ್ಟು, ಗಾಂಧಿ ಬಜಾರಿನಿಂದ ದಿನಾ ನುಗ್ಗೆಸೊಪ್ಪು ತಂದು ತಿನ್ನಿಸುತ್ತಿದ್ದು, ಡಿಸೆಂಬರ್ ಚಳಿಗೆ ಅದು ಕಣ್ಣು ಮುಚ್ಚಿ ಕುಳಿತಾಗಿನಿಂದ ಅವರಿಗೂ ಊಟ ಸೇರುತ್ತಿಲ್ಲವೆಂದು ತಿಳಿದುಬಂದಿದೆ. ಹನ್ನೊಂದನೆಯ ಮನವಿಯಲ್ಲಿ ಅವರು ನಮೂನೆಯನ್ನೇ ಬಿಟ್ಟು, "ಸಾರ್, ಅದು ಸತ್ತೋಗುತ್ತೆ ಸಾರ್! ಮೂರು ದಿನದಿಂದ ಎಲೆ ಮುಟ್ಟಿಲ್ಲ. ಒಂದು ಬಿಸಿ ಬಲ್ಬ್ ಹಾಕ್ಸಿ, ದಮ್ಮಯ್ಯ ಅಂತೀನಿ" ಎಂದು ಬರೆದಿರುವುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿತ್ತು:

1. ಪೆಟ್ಟಿಗೆಗೆ ಶಾಖಕ್ಕೊಂದು, ಬಿಸಿಲಿನ ಬದಲಿಗೊಂದು ದೀಪ ಬೇಕೆಂಬುದು ಪಶುವೈದ್ಯರ ಸಲಹೆ. ಉಲ್ಲೇಖ 1ರಂತೆ ಬಿಸಿಯಾಗುವ ಬಲ್ಬ್ ನಿಷಿದ್ಧ. ಆದ್ದರಿಂದ ಬಿಸಿಯಾಗದ ಎಲ್‌ಇಡಿ ಬಲ್ಬನ್ನೇ ಶಾಖಕ್ಕಾಗಿ ಅಳವಡಿಸತಕ್ಕದ್ದು.

2. ಆಯುಧಪೂಜೆಯ ಸೀರಿಯಲ್ ಸೆಟ್ಟನ್ನು ಬಿಸಿಲೆಂದು ಭಾವಿಸತಕ್ಕದ್ದು. ಪ್ರಾಣಿಯು ಗೋಸುಂಬೆ ಅಲ್ಲವಾದ್ದರಿಂದ ಸೆಟ್ಟಿನೊಂದಿಗೆ ಬಣ್ಣ ಬದಲಿಸಬೇಕಾಗಿಲ್ಲ.

3. ಕಾವಲುಗಾರ ಓಬಳಪ್ಪನವರು ಸಂಜೆ ಐದೂವರೆಗೆ ಮೇನ್ ಸ್ವಿಚ್ ಆರಿಸುವುದು ರೂಢಿ. ("ರೂಲ್ಸ್ ಅಂದ್ರೆ ರೂಲ್ಸು ಕಣಮ್ಮಾ" ಎಂಬುದು ಅವರ ಲಿಖಿತ ಹೇಳಿಕೆ.) ಪ್ರಾಣಿಯು ಮರುದಿನ ಬೆಳಿಗ್ಗೆ ಹತ್ತರವರೆಗೆ ಸಾಕಾಗುವಷ್ಟು ಶಾಖವನ್ನು ಐದೂವರೆಯೊಳಗೇ ಪಡೆದುಕೊಳ್ಳತಕ್ಕದ್ದು.

4. ಸಿಬ್ಬಂದಿಯು ಸದರಿ ಬಲ್ಬಿನಡಿ ಸಂಡಿಗೆ ಇಟ್ಟು, ಒಣಗಲಿಲ್ಲವೆಂದು ದೂರತಕ್ಕದ್ದಲ್ಲ.

ಇಷ್ಟೆಲ್ಲ ಅನುಕೂಲ ಕಲ್ಪಿಸಿದಾಗ್ಯೂ ನಿನ್ನೆ ಮಧ್ಯಾಹ್ನ ಪೆಟ್ಟಿಗೆ ಖಾಲಿ ಇತ್ತು. ಶಿವರಂಜಿನಿಯವರು ಅಳುತ್ತಲೇ ಬೀರುಗಳನ್ನೆಲ್ಲ ತಡಕಾಡಿ, ಕಡೆಗೆ ಸಹಾಯಕ ನಿರ್ದೇಶಕರ ಕೊಠಡಿಗೆ ನುಗ್ಗಿ ಮೇಜಿನಡಿ ಬಗ್ಗಿ ನೋಡಲಾಗಿ, ಪಚ್ಚೆಯು ರೂಮ್ ಹೀಟರಿನ ಮುಂದೆ ಕಾಲು ಚಾಚಿ ಮಲಗಿತ್ತು. ಸದರಿ ಹೀಟರು ಉಲ್ಲೇಖ 1ಕ್ಕೆ ಸಹಿ ಹಾಕಿದವರದೇ ಆಗಿದ್ದು, ಮೂರು ಚಳಿಗಾಲಗಳಿಂದ ಅಲ್ಲಿಯೇ ಇರುತ್ತದೆ. "ಅಯ್ಯೋ ಕಂದಾ, ಇಲ್ಲಿದೀಯಾ! ಸಾರ್, ಇದೇನ್ ಸಾರ್ ಇದು?" ಎಂಬ ಅವರ ಕೂಗು ಇಡೀ ಕಚೇರಿಗೆ ಕೇಳಿಸಿರುವುದರಿಂದ ವಿಷಯವನ್ನು ಗೌಪ್ಯ ಕಡತಕ್ಕೆ ಸೇರಿಸಲು ಸಾಧ್ಯವಾಗಿರುವುದಿಲ್ಲ.

5. ಆದಕಾರಣ ಖಂಡಿಕೆ 1ರಿಂದ 3ನ್ನು ರದ್ದುಪಡಿಸಿ, ಸದರಿ ಕೊಠಡಿಯನ್ನೇ ಪಚ್ಚೆಯ ಪೆಟ್ಟಿಗೆಯೆಂದು ಘೋಷಿಸಲಾಗಿದೆ. ಯಾವ ದೀಪ ಹಾಕಬೇಕೆಂಬುದನ್ನು ಶಿವರಂಜಿನಿಯವರೇ ಆಯ್ಕೆ ಮಾಡತಕ್ಕದ್ದು. ಇಂದು ಬೆಳಿಗ್ಗೆ ಅದು ಒಂದು ಕಟ್ಟು ಸೊಪ್ಪು ತಿಂದಿದೆ.

ಸಹಿ/-
(ಪರಮಶಿವಯ್ಯ)
ಸಹಾಯಕ ನಿರ್ದೇಶಕರು
ಮೊಕ್ಕಾಂ: ಮೆಟ್ಟಿಲ ಕೆಳಗಿನ ಸ್ಟೂಲು

ಪ್ರತಿಗಳು:
1. ಶ್ರೀಮತಿ ಶಿವರಂಜಿನಿ: ಹನ್ನೆರಡನೆಯ ಮನವಿ ಬೇಕಿಲ್ಲವೆಂಬ ಮಾಹಿತಿಗಾಗಿ.
2. ಶ್ರೀ ಓಬಳಪ್ಪ: ಮೇನ್ ಸ್ವಿಚ್ ಮುಟ್ಟದಿರಲು.
3. ಪಚ್ಚೆ: ಬಾಗಿಲು ತಟ್ಟಿ, ಅನುಮತಿ ಪಡೆದು ಒಳಗೆ ಹೋಗಿ ನೀಡುವುದು.
4. ಸಹಾಯಕ ನಿರ್ದೇಶಕರ ಮನೆಯವರು: ಸ್ವೆಟರ್ ಕಳುಹಿಸುವ ಸಂಬಂಧ ತುರ್ತು ಕ್ರಮಕ್ಕಾಗಿ.