ಬುಡಾಪೆಸ್ಟಿನಲ್ಲಿ ಭಾವನ ಟವೆಲು

ನಮ್ಮ ಭಾವ ಇಡೀ ಬುಡಾಪೆಸ್ಟ್ ನೋಡಿಕೊಂಡು ಬಂದಿದ್ದಾರೆ. ಸುಳ್ಳಲ್ಲ. ಆದರೆ ನಿಂತು ನೋಡಿದ್ದು ಕಡಿಮೆ, ಕೂತು ನೋಡಿದ್ದೇ ಜಾಸ್ತಿ! ಕೋಟೆ ಹೇಗಿತ್ತು ಅಂತ ಕೇಳಿ ನೋಡಿ, "ಮರದ ಬೆಂಚು, ಒರಗಿಕೊಳ್ಳೋಕೆ ಚೆನ್ನಾಗಿತ್ತು" ಅಂತಾರೆ. ಪಾರ್ಲಿಮೆಂಟು? "ಕಬ್ಬಿಣದ್ದು. ಸ್ವಲ್ಪ ತಣ್ಣಗಿತ್ತು." ಇಂಥವರ ಜೊತೆ ಮೂರು ದಿನ ಊರು ಸುತ್ತಿ, ಮೇಲೆ ಡ್ಯಾನ್ಯೂಬ್ ನದಿಯಲ್ಲಿ ಒಂದು ವಾರ ಕ್ರೂಸ್ ಬೇರೆ ಮುಗಿಸಿ ಬಂದ ನನಗೆ ಯಾರಾದರೂ ಶಾಲು ಹೊದಿಸಬೇಕು ಕಣ್ರೀ!

ಭಾವ ಅಂದರೆ ನನ್ನ ಅಕ್ಕನ ಗಂಡ. ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಎಷ್ಟೋ ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅಷ್ಟಾದರೂ ಮೈಸೂರಿನ ಬಸ್ ಸ್ಟ್ಯಾಂಡು ಅವರನ್ನು ಬಿಟ್ಟಿಲ್ಲ. ಕಾಲೇಜಿನ ಕಾಲದಲ್ಲಿ ಬಸ್ಸು ನಿಲ್ಲೋ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದರಲ್ಲಿ ಎತ್ತಿದ ಕೈಯಂತೆ. ಈಗಲೂ ಹೆಗಲ ಮೇಲೊಂದು ಕೆಂಪು ಚೌಕಳಿ ಟವೆಲ್ ಇರಲೇಬೇಕು. ಅವರೂರ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋದರೆ ಮೊದಲು ಕ್ಯಾಂಟೀನಿನ ಕುರ್ಚಿಗೆ ಟವೆಲ್, ಆಮೇಲೆ ದೇವರಿಗೆ ನಮಸ್ಕಾರ. ಈ ಪ್ರವಾಸಕ್ಕೆ ವಿಮಾನ ಹತ್ತಿದ ಡಲ್ಲಸ್ ಏರ್‌ಪೋರ್ಟಿನಲ್ಲೂ ಅಷ್ಟೇ. ಗೇಟಿನ ಹತ್ತಿರ ಒಂದು ನರಪಿಳ್ಳೆ ಇಲ್ಲ, ಆದರೂ ಹತ್ತು ಹೆಜ್ಜೆ ದೂರದಿಂದ ಎಸೆದೇಬಿಟ್ಟರು.

"ಭಾವ, ಯಾರೂ ಇಲ್ವಲ್ಲ?" ಅಂದೆ.

"ಈಗ ಇಲ್ಲ," ಅಂದರು.

ಈ ಪ್ರವಾಸ ಹೊರಟಿದ್ದು ಅಕ್ಕನ ಹಟಕ್ಕೆ. ಹೋದ ವರ್ಷ ಅವಳಿಗೆ ಮಂಡಿ ಆಪರೇಷನ್ ಆಗಿತ್ತು. ವಾಕರ್ ಹಿಡಿದು ಅಡುಗೆಮನೆಯಲ್ಲಿ ಒಂದೊಂದೇ ಹೆಜ್ಜೆ ಇಡುವಾಗ ಕಣ್ಣಿಗೆ ಬೀಳಲಿ ಅಂತ ಫ್ರಿಜ್ ಮೇಲೊಂದು ಫೋಟೋ ಅಂಟಿಸಿಕೊಂಡಿದ್ದಳು. ಬುಡಾಪೆಸ್ಟಿನ ಹಳೇ ಸರಪಳಿ ಸೇತುವೆಯ ಫೋಟೋ. ಈ ದಡದಿಂದ ಆ ದಡಕ್ಕೆ ನನ್ನ ಕಾಲಲ್ಲೇ ನಡೀತೀನಿ ಅಂತ ಶಪಥ. ವೀಲ್‌ಚೇರ್ ಬೇಡ, ಕೋಲು ಬೇಡ, ಯಾರೂ ಕೈ ಹಿಡಿಯೋದೂ ಬೇಡ. ವಿಮಾನ ಹತ್ತೋ ಮುಂಚೆ ನಮಗೆಲ್ಲ ಕಟ್ಟಪ್ಪಣೆ ಬೇರೆ: "ಮಂಡಿ ಹೇಗಿದೆ ಅಂತ ಒಬ್ಬರು ಬಾಯಿಬಿಟ್ರೂ ಅಲ್ಲಿಂದಲೇ ವಾಪಸ್ ಬರ್ತೀನಿ, ಹುಷಾರ್!"

ಸೇತುವೆಯನ್ನು ಮೂರನೇ ದಿನಕ್ಕೆ ಇಟ್ಟುಕೊಂಡೆವು. ಅವತ್ತು ಸಂಜೆಯೇ ನಮ್ಮ ಹಡಗು ಹೊರಡೋದು.

ಮೊದಲ ದಿನವೇ ಭಾವನ ಆಟ ಶುರು. ಮನೆ ಹತ್ತಿರದ ಕೆರೆ ಸುತ್ತ ದಿನಾ ಐದು ಮೈಲಿ ಬಿರಬಿರನೆ ನಡೆಯೋ ಮನುಷ್ಯ, ಇಲ್ಲಿ ನೂರು ಹೆಜ್ಜೆಗೆ ಒಂದು ಸಲ "ಉಸ್ಸಪ್ಪಾ! ನನ್ನ ಕೈಲಿ ಆಗಲ್ಲ, ಕೂತ್ಕೊಳ್ಳೋಣ" ಅನ್ನೋದೇ? ಬಾವುಟ ಹಿಡಿದ ಗೈಡ್ ಹುಡುಗಿ ರಾಜರ ಕಥೆ ಹೇಳ್ತಾ ಮುಂದೆ ಹೋದಳು. ನಾವು ಬೆಂಚಿನ ಮೇಲೆ ಕೂತು ಅವಳ ಬಾವುಟ ಮರೆಯಾಗೋದನ್ನ ನೋಡಿದೆವು. ಎರಡನೇ ರಾಜನಿಂದ ಮುಂದೆ ಹಂಗೆರಿಯ ಇತಿಹಾಸ ನನಗೆ ಇವತ್ತಿಗೂ ಗೊತ್ತಿಲ್ಲ!

ಗುಡ್ಡದ ಮೇಲಿನ ಚರ್ಚಿನ ಹತ್ತಿರ ಇನ್ನೊಂದು ರಾಮಾಯಣ. ಭಾವ ಮುಂದೆ ಓಡಿ, ಬೆಂಚಿಗೆ ಟವೆಲ್ ಎಸೆದು, ನಮ್ಮನ್ನು ಕರೆಯೋಕೆ ವಾಪಸ್ ಬಂದರು. ಅಷ್ಟರಲ್ಲಿ ಅಲ್ಲಿನ ಅಜ್ಜಿಯೊಬ್ಬಳು, ಪಾಪ, ಯಾರೋ ಬಟ್ಟೆ ಬಿಟ್ಟುಹೋಗಿದ್ದಾರೆ ಅಂತ ಅದನ್ನು ಕೊಡವಿ, ನೀಟಾಗಿ ಮಡಚಿ, ಸಿಕ್ಕವರನ್ನೆಲ್ಲ ವಿಚಾರಿಸ್ತಾ ಹೊರಟಿದ್ದಳು. ಭಾವ ಅವಳ ಹಿಂದೆ ಓಟ! "ಮೇಡಂ, ಮೇಡಂ! ದಟ್ ಈಸ್ ನಾಟ್ ಟವೆಲ್, ದಟ್ ಈಸ್ ಸೀಟ್!"

ನಮ್ಮ ಜೊತೆ ಬಂದಿದ್ದ, ಕಾಲೇಜಿಗೆ ಹೋಗೋ ನನ್ನ ಮಗಳು ಮುಖ ಮುಚ್ಚಿಕೊಂಡಳು. "ದೊಡ್ಡಪ್ಪ, ದಿಸ್ ಈಸ್ ಸೋ ಎಂಬರಾಸಿಂಗ್!"

"ಕೂತ್ಕೊಂಡು ಎಂಬರಾಸ್ ಆಗು ಮರಿ, ಜಾಗ ಇದೆ."

ಎರಡನೇ ದಿನದ ಹೊತ್ತಿಗೆ ನನ್ನ ತಾಳ್ಮೆ ಕೆಟ್ಟಿತು. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಕೇಳೇಬಿಟ್ಟೆ. "ಭಾವ, ಆಪರೇಷನ್ ಆಗಿರೋದು ಅಕ್ಕಂಗೋ ನಿಮಗೋ? ಅವಳು ಒಂದು ವರ್ಷದಿಂದ ಆ ಸೇತುವೆ ಕನಸು ಕಾಣ್ತಿದ್ದಾಳೆ. ನಾಳೆ ನೀವು ಹೀಗೇ ಕೂತರೆ ಹಡಗು ತಪ್ಪುತ್ತೆ, ಸೇತುವೆನೂ ತಪ್ಪುತ್ತೆ!" ಭಾವ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಏನ್ಮಾಡ್ಲಮ್ಮ, ವಯಸ್ಸಾಯ್ತಲ್ಲ" ಅಂದರು. ನನಗೆ ಇನ್ನೂ ಉರಿಯಿತು.

ಮೂರನೇ ದಿನ ತಿಂಡಿಗೆ ಬಂದರೆ ಭಾವ ನಾಪತ್ತೆ! ಫೋನ್ ಎತ್ತುತ್ತಿಲ್ಲ. ಅಕ್ಕ ಮಾತ್ರ ತಣ್ಣಗೆ, "ಬರ್ತಾರೆ ಬಿಡೇ, ನಾವು ಹೊರಡೋಣ" ಅಂದಳು.

ಸೇತುವೆಯ ತುದಿಯ ಕಲ್ಲಿನ ಸಿಂಹದ ಹತ್ತಿರದಿಂದ ಅಕ್ಕ ನಡೆಯೋಕೆ ಶುರು ಮಾಡಿದಳು. ಮೊದಮೊದಲು ಜೋರಾಗಿಯೇ ನಡೆದಳು. ಆಮೇಲೆ ಕೈ ಕಂಬಿಗೆ ಹೋಯಿತು. ತುಟಿ ಬಿಗಿಯಾಯಿತು. ನದಿ ಮೇಲಿನ ಗಾಳಿ ಬೇರೆ ತಳ್ಳುತ್ತಿತ್ತು. ಕುತ್ತಿಗೆ ಎತ್ತಿ ನೋಡಿದೆ, ಇಡೀ ಸೇತುವೆ ಮೇಲೆ ಒಂದು ಬೆಂಚೂ ಕಾಣಲಿಲ್ಲ. ಮಂಡಿ ನೋಯ್ತಿದೆಯಾ ಅಂತ ಕೇಳೋಣ ಅಂದರೆ ಕಟ್ಟಪ್ಪಣೆ! ನನಗಂತೂ ಅಳುವೇ ಬಂತು. ಇವಳು ಅರ್ಧಕ್ಕೇ ವಾಪಸ್ ಹೋಗ್ತಾಳೆ ಅನ್ನಿಸಿತು.

ಮುಂದೆ ಸೇತುವೆಯ ದೊಡ್ಡ ಕಲ್ಲುಗೋಪುರ. ಅದರ ಬುಡದಲ್ಲಿ ಒಂದು ಮೊಳ ಅಗಲದ ಕಟ್ಟೆ. ಕಟ್ಟೆಯ ಮೇಲೆ ಕೆಂಪು ಚೌಕಳಿ ಟವೆಲ್!

ಪಕ್ಕದಲ್ಲಿ ಭಾವ ಎರಡೂ ಕೈ ಅಗಲಿಸಿ, ಅಲ್ಲಿ ಕೂರೋಕೆ ಬಂದ ಜೋಡಿಯೊಂದನ್ನು ತಡೆಯುತ್ತಿದ್ದರು. "ನೋ ನೋ, ಸಾರಿ, ಮೈ ವೈಫ್ ಈಸ್ ಕಮಿಂಗ್!" ನಮ್ಮನ್ನು ಕಂಡದ್ದೇ ಆ ಮುಖ ಹೇಗೆ ಸೋತುಹೋಯಿತು ಅಂತೀರಿ! "ಉಸ್ಸಪ್ಪಾ! ನನ್ನ ಕೈಲಿ ಆಗಲ್ಲ ಕಣೇ. ಒಂದೈದು ನಿಮಿಷ ಕೂತು ಹೋಗೋಣ."

"ನಿಮ್ಮದು ಯಾವಾಗಲೂ ಇದೇ ಗೋಳು," ಅಂತ ಗೊಣಗಿಕೊಂಡು ಅಕ್ಕ ಕೂತಳು.

ಭಾವ ಆಗಲೇ ಮುಂದಿನ ಗೋಪುರದ ಕಡೆ ಓಡುತ್ತಿದ್ದರು, ಕೈಯಲ್ಲಿ ಕರ್ಚೀಫು. ಆ ಓಟ ನೋಡಿ ನನಗೆ ಹಿಂದಿನ ದಿನ ಆಡಿದ ಮಾತೆಲ್ಲ ನೆನಪಾಗಿ ನಾಚಿಕೆಯಾಯಿತು.

"ಅಕ್ಕಾ, ಭಾವಂಗೆ ಸುಸ್ತು..." ಅಂದೆ.

"ಅವರಿಗೆಲ್ಲಿ ಸುಸ್ತು? ಮೊದಲ ದಿನದಿಂದ ಗೊತ್ತು ನನಗೆ. ನೋವು ಬಂದಾಗ ನಾನು ಮಾತು ನಿಲ್ಲಿಸ್ತೀನಲ್ಲ, ಆಗಲೇ ಅವರಿಗೆ ಉಸ್ಸಪ್ಪಾ. ನೀನು ಬಾಯಿಬಿಡಬೇಡ, ಪಾಪ, ಇಷ್ಟು ಕಷ್ಟಪಟ್ಟು ಆ್ಯಕ್ಟ್ ಮಾಡ್ತಿದ್ದಾರೆ." ಮಂಡಿ ನೀವಿಕೊಂಡು, ಟವೆಲ್ ತನ್ನ ಹೆಗಲಿಗೆ ಹಾಕಿಕೊಂಡು ಎದ್ದಳು.

ಎರಡನೇ ಗೋಪುರದಲ್ಲಿ ಕರ್ಚೀಫಿನ ಮೇಲೂ ಕೂತಳು. ಆಮೇಲೆ ಆ ದಡ ಮುಟ್ಟಿದಳು. ತನ್ನ ಕಾಲಲ್ಲೇ! ಕಲ್ಲಿನ ಸಿಂಹದ ಹತ್ತಿರ ಒಂದು ಕ್ಷಣ ನಿಂತು ಕಣ್ಣೊರೆಸಿಕೊಂಡಳು. ಎದುರಿಗೆ, ನದಿ ಕಡೆಗೆ ಮುಖ ಮಾಡಿದ ಬೆಂಚು ಖಾಲಿ ಇತ್ತು. ಅಕ್ಕ ಹೆಗಲಿನ ಟವೆಲ್ ತೆಗೆದು, ಹತ್ತು ಹೆಜ್ಜೆ ದೂರದಿಂದ ಗುರಿ ಇಟ್ಟು ಎಸೆದಳು. ಸರಿಯಾಗಿ ಹೋಗಿ ಬಿತ್ತು.

"ರೀ, ಬನ್ನಿ. ನಿಮಗೆ ಸೀಟು ಹಿಡಿದಿದ್ದೀನಿ."

ತಮ್ಮ ನಾಟಕ ಅವಳಿಗೆ ಗೊತ್ತು ಅಂತ ಹೊಳೆಯಿತೇನೋ, ಭಾವ ಟವೆಲನ್ನೇ ನೋಡ್ತಾ ಅಲ್ಲೇ ನಿಂತರು. ಮೂರು ದಿನ ಸಿಕ್ಕಸಿಕ್ಕಲ್ಲಿ ಕೂತ ಮನುಷ್ಯ, ಎಷ್ಟು ಹೊತ್ತಾದರೂ ಕೂರಲೇ ಇಲ್ಲ.